ಚನ್ನಮಲ್ಲಪ್ಪನವರ ಬೇಸರದ ಚೆಕ್ಕುಬಂದಿ

ಕೊಡಗು ರಾಜ್ಯದಲ್ಲಿ ಖಿನ್ನತೆಯು ಅಧಿಕೃತವಾಗಿ ಜಾರಿಗೆ ಬಂದದ್ದು ಸಾವಿರದ ಒಂಬೈನೂರ ಐವತ್ತನಾಲ್ಕನೇ ಇಸವಿ ಜುಲೈ ಹನ್ನೆರಡರ ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆಗೆ. ಅದಕ್ಕೆ ಮೊದಲು ಜನರಿಗೆ ಬರೀ ಬೇಸರವಾಗುತ್ತಿತ್ತು. ಅದಕ್ಕೆ ಕಡತವಿರಲಿಲ್ಲ.

ಸುತ್ತೋಲೆ ಮೇಲಿನಿಂದ ಇಂಗ್ಲಿಷಿನಲ್ಲಿ ಬಂದಿತ್ತು. ಮಡಿಕೇರಿಯ ಸಾರ್ವಜನಿಕ ಉಲ್ಲಾಸ ಶಾಖೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ಟೈಪಿಸ್ಟಾದ ನಾನೊಬ್ಬಳೇ ಆದ್ದರಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಮೇಜಿಗೆ ಬಂತು. ಎರಡು ವಾರಕ್ಕೂ ಹೆಚ್ಚು ಕಾಲ ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ಮಾಡುತ್ತಿದ್ದ ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ಗಮನಿಸಬೇಕು. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಅರ್ಧ ಗಂಟೆ ನಡೆಯಬೇಕು, ಬಿಸಿಲಿಗೆ ಕೂರಬೇಕು, ದಿನಕ್ಕೊಬ್ಬರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಬೇಕು ಎಂದು ಅದರಲ್ಲಿತ್ತು. ಓದಿದರೆ ತಪ್ಪೇನೂ ಕಾಣುತ್ತಿರಲಿಲ್ಲ. ಆದ್ದರಿಂದ ಸೂಪರಿಂಟೆಂಡೆಂಟ್ ದೇರಪ್ಪನವರು ಅದಕ್ಕೆ ನಿಯಮಗಳನ್ನು ಸೇರಿಸಿದರು.

ಉದಾಹರಣೆಗೆ ನಿಯಮ ನಾಲ್ಕು: 'ಮಡಿಕೇರಿಯಲ್ಲಿ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲು ಲಭ್ಯವಿಲ್ಲದ ಕಾರಣ, ಸದರಿ ತಿಂಗಳುಗಳ ಬಿಸಿಲನ್ನು ಜನವರಿಯಲ್ಲಿ ಒಟ್ಟಾಗಿ ತೆಗೆದುಕೊಳ್ಳತಕ್ಕದ್ದು.' ನಿಯಮ ಒಂಬತ್ತು: 'ಖಿನ್ನನೆಂದು ರುಜುವಾತಾದ ನೌಕರನನ್ನು ಮೂರು ತಿಂಗಳು ಯಾರ ಕಾಟವೂ ಇಲ್ಲದಂತೆ ಸ್ವಂತ ಊರಿಗೆ ಒಬ್ಬನನ್ನೇ ವಿಶ್ರಾಂತಿಗೆ ಕಳಿಸತಕ್ಕದ್ದು.' ನಿಯಮ ಹತ್ತು: 'ರುಜುವಾತಾಗದಿದ್ದಲ್ಲಿ ಅವನನ್ನು ಸೋಮಾರಿಯೆಂದು ಭಾವಿಸತಕ್ಕದ್ದು.'

ಅದೇ ವಾರ ಗೋಡೆ ಗಡಿಯಾರ ನಿಂತಿತು. ನಾಲ್ಕು ಹತ್ತಕ್ಕೆ ನಿಂತದ್ದರಿಂದ ಐದು ಗಂಟೆಯಾಗುವ ಸಂಭವವೇ ಇರಲಿಲ್ಲ, ಶಾಖೆ ಕಂಗಾಲಾಯಿತು. ಪ್ರತಿ ಸೋಮವಾರ ಅದಕ್ಕೆ ಕೀ ಕೊಡುತ್ತಿದ್ದವರು ದಾಖಲೆ ಕೋಣೆಯ ಚನ್ನಮಲ್ಲಪ್ಪನವರು. ನೋಡಿದರೆ ಅವರು ಬೀರುಗಳ ನಡುವೆ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ತಲೆ ಬಾಚಿರಲಿಲ್ಲ. ಅವರ ಹೆಂಡತಿ ಶಕುಂತಲಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಗಡಿಯಾರ ನಿಂತದ್ದು ಎರಡನೇ ದಿನಕ್ಕೆ ಶಾಖೆಯ ಗಮನಕ್ಕೆ ಬಂತು; ಚನ್ನಮಲ್ಲಪ್ಪನವರು ನಿಂತದ್ದು ಹನ್ನೆರಡನೇ ವಾರಕ್ಕೆ.

ನಿಜ ಹೇಳಬೇಕೆಂದರೆ ಕಚೇರಿ ಗೇಟಿನ ಹತ್ತಿರ ಹೋಟೆಲಿಟ್ಟಿದ್ದ ಬೊಳ್ಳಮ್ಮನಿಗೆ ಮೊದಲೇ ಗೊತ್ತಿತ್ತು. "ಎಂತ ಮಾರಾಯ್ರೆ, ಕೊಟ್ಟ ರೊಟ್ಟಿ ಹಾಂಗೇ ಉಟ್ಟು, ಮುಟ್ಟಲೇ ಇಲ್ಲೆ! ಒಂದು ತಿಂಗಳಿಂದ ಹೀಂಗೇ," ಎಂದು ಆಕೆ ಎರಡು ಸಲ ಹೇಳಿದ್ದರು. ಆದರೆ ಬಾಯಿಮಾತಿನಲ್ಲಿ ಹೇಳಿದ್ದರು.

ದೇರಪ್ಪನವರು ಮನುಷ್ಯ ಒಳ್ಳೆಯವರು. ಚನ್ನಮಲ್ಲಪ್ಪನವರನ್ನು ಕರೆಸಿ ಕುರ್ಚಿ ಕೊಟ್ಟರು.

"ನೀವು ಖಿನ್ನರೇನ್ರೀ?"

"ಹಂಗೇನಿಲ್ಲ ಸಾರ್. ಸುಮ್ನೆ ಕೂತ್ಕೊಂಡ್ರೆ ಎದ್ದೇಳಕ್ಕೆ ಮನಸಾಗಲ್ಲ."

"ಹೆದರಬೇಡಿ. ರುಜುವಾತಾದರೆ ಮೂರು ತಿಂಗಳು ನಿಮ್ಮೂರು ಕೊಡ್ಲಿಪೇಟೆಗೆ ಹೋಗಿ ಆರಾಮವಾಗಿರಬಹುದು. ಒಬ್ಬರೇ."

ಚನ್ನಮಲ್ಲಪ್ಪನವರು ಕುರ್ಚಿಯ ಅಂಚಿಗೆ ಸರಿದರು. "ಆ ಮನೆಗೆ ಒಬ್ನೇ ಹೋಗಿ ಏನ್ ಮಾಡ್ಲಿ ಸಾರ್? ಅವಳ ಸೀರೆ ಇನ್ನೂ ಹಗ್ಗದ ಮೇಲೇ ಐತೆ. ಕಳಿಸಬೇಡಿ."

"ಹಾಗಾದರೆ ಸೋಮಾರಿ ಅಂತ ಬರೆಯಬೇಕಾಗುತ್ತದಲ್ಲ!" ಎಂದು ದೇರಪ್ಪನವರು ನೊಂದುಕೊಂಡರು. ಮೂವತ್ತು ವರ್ಷದಲ್ಲಿ ಒಂದು ಕಾಗದವನ್ನೂ ಕಳೆಯದವರನ್ನು ಸೋಮಾರಿಯೆನ್ನಲು ಅವರಿಗೆ ಮನಸ್ಸಿರಲಿಲ್ಲ. ಆದ್ದರಿಂದ ಸ್ಥಳ ಮಹಜರಿಗೆ ಆಜ್ಞೆಯಾಯಿತು: ಬೇಸರವಿರುವ ಸ್ಥಳದಲ್ಲಿ, ಐವರು ಪಂಚರ ಸಮಕ್ಷಮ, ಹದಿನೈದು ದಿನ, ದಿನಕ್ಕೊಂದು ಗಂಟೆ. ಬೇಸರ ಎಲ್ಲಿದೆ ಎಂದು ವಿಚಾರಿಸಲಾಗಿ, "ರೂಮಲ್ಲೇ ಜಾಸ್ತಿ," ಎಂದು ತಿಳಿದುಬಂತು.

ಪಂಚರಾಗಿ ಬೊಳ್ಳಮ್ಮ, ಜವಾನ ಜವರಯ್ಯ, ಎದುರಂಗಡಿಯ ದರ್ಜಿ, ಅಂಚೆಯವನು ಸಿಕ್ಕಿದರು. ಐದನೆಯವರು ಮದೆನಾಡಿನ ಕೂಸಪ್ಪ. ಅವರು ತಮ್ಮ ತೋಟದ ಹಳೇ ನಕ್ಷೆಯ ನಕಲಿಗೆ ದಾಖಲೆ ಕೋಣೆಗೆ ಅರ್ಜಿ ಕೊಟ್ಟು ಎರಡು ವರ್ಷದಿಂದ ನಮ್ಮ ಬೆಂಚಿನ ಮೇಲೇ ಇದ್ದುದರಿಂದ ಹುಡುಕುವ ತೊಂದರೆ ಇರಲಿಲ್ಲ.

ದೇರಪ್ಪನವರ ಕೈಗಡಿಯಾರದ ಪ್ರಕಾರ ನಾಲ್ಕೂವರೆಗೆ ಎಲ್ಲರೂ ಕೊಡೆ ಹಿಡಿದು ಚನ್ನಮಲ್ಲಪ್ಪನವರ ಬಾಡಿಗೆ ರೂಮಿಗೆ ಅರ್ಧ ಗಂಟೆ ನಡೆದೆವು. ಮಹಜರಿಗೆ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚೆಕ್ಕುಬಂದಿ ಬೇಕೇ ಬೇಕು. ದೇರಪ್ಪನವರು ಹೇಳಿದರು, ನಾನು ಬರೆದೆ: 'ಬೇಸರದ ಪೂರ್ವಕ್ಕೆ ಕಿಟಕಿ, ಮುಚ್ಚಿದೆ. ಪಶ್ಚಿಮಕ್ಕೆ ಮೃತ ಶಕುಂತಲಮ್ಮನವರ ಟ್ರಂಕು. ಉತ್ತರಕ್ಕೆ ಒಲೆ, ಹಚ್ಚಿಲ್ಲ. ದಕ್ಷಿಣಕ್ಕೆ ಬಾಗಿಲು, ಸಾಮಾನ್ಯವಾಗಿ ಯಾರೂ ಬರುವುದಿಲ್ಲ.'

"ಈಗ ಎಂದಿನಂತೆ ಬೇಸರ ಮಾಡಿಕೊಳ್ಳಿ. ನಾವು ಇಲ್ಲಿ ಇಲ್ಲ ಅಂತ ತಿಳಿಯಿರಿ," ಎಂದರು ದೇರಪ್ಪನವರು.

"ಇಷ್ಟು ಜನ ಕೂತು ನೋಡಿದ್ರೆ ಹೆಂಗ್ ಸಾರ್ ಆಯ್ತದೆ?"

"ಪ್ರಯತ್ನ ಮಾಡಿ."

ಅವರು ಪ್ರಯತ್ನ ಮಾಡಿದರು. ನಾವು ಒಂದು ಗಂಟೆ ಸುಮ್ಮನೆ ನೋಡಿದೆವು. ಹಿಂತಿರುಗುವಾಗ ಬೊಳ್ಳಮ್ಮ ಸಿಡುಕಿದರು: "ಏಳು ಜನ ಬಂದು ಒಂದು ಲೋಟ ಕಾಫಿ ಇಲ್ಲೆ. ಅವರಿಗೆ ಬೇಸರ ಅಂತ ನಮಗೂ ಶಿಕ್ಷೆಯಾ?" ಮರುದಿನ ಆಕೆ ಬೆಲ್ಲ, ಕಾಫಿಪುಡಿ ತಂದು ಒಲೆ ಹಚ್ಚಿದರು. ಚೆಕ್ಕುಬಂದಿಗೆ ತಿದ್ದುಪಡಿ ಬೇಕಾಯಿತು: 'ಉತ್ತರಕ್ಕೆ ಒಲೆ, ಹಚ್ಚಿದೆ.' ಹೊಗೆ ತುಂಬಿದ್ದರಿಂದ ಮೂರನೇ ದಿನ ಪೂರ್ವಕ್ಕೂ ತಿದ್ದುಪಡಿಯಾಯಿತು: 'ಕಿಟಕಿ, ತೆರೆದಿದೆ.' ಐದನೇ ದಿನ ಎಳೆ ಬಿದಿರಿನ ಕಣಿಲೆ ಪಲ್ಯ, ಅಕ್ಕಿ ರೊಟ್ಟಿ ಬಂದವು. ಪಂಚರು ತಿನ್ನುವಾಗ ಆಪಾದಿತರು ಸುಮ್ಮನೆ ಕೂರುವುದು ಸರಿಯಲ್ಲವೆಂದು ಚನ್ನಮಲ್ಲಪ್ಪನವರಿಗೂ ಒಂದು ಕೊಡಲಾಯಿತು. ಅವರು ಅರ್ಧ ತಿಂದರು. 'ಅರ್ಧ' ಎಂದು ನಮೂದಾಯಿತು.

ರೂಮು ಚಿಕ್ಕದು. ಕೂಸಪ್ಪನವರು ಕೂರಲು ಜಾಗವಿಲ್ಲದೆ ಆರು ದಿನ ಕೊಡೆ ಊರಿಕೊಂಡು ನಿಂತೇ ಸಾಕ್ಷಿಯಾದರು. ಟ್ರಂಕಿನ ಮೇಲೆ ಮಾತ್ರ ಜಾಗ ಖಾಲಿಯಿತ್ತು, ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಏಳನೇ ದಿನ ಚನ್ನಮಲ್ಲಪ್ಪನವರು ತಲೆಯೆತ್ತಿದರು.

"ಅದರ ಮೇಲೆ ಕೂತ್ಕೊಳ್ಳಿ ಕೂಸಪ್ಪನೋರೆ. ನಿಂತೋರನ್ನ ಕಂಡ್ರೆ ಅವಳಿಗಾಗ್ತಿರ್ಲಿಲ್ಲ. ನನ್ನೇ ಬಯ್ಯೋಳು."

ಕೂಸಪ್ಪ ಚಪ್ಪಲಿ ಬಿಟ್ಟು, ಟ್ರಂಕಿಗೊಂದು ನಮಸ್ಕಾರ ಮಾಡಿ, ಅಂಚಿನಲ್ಲಿ ಕೂತರು. ಆಮೇಲೆ ಚನ್ನಮಲ್ಲಪ್ಪನವರು ಶಕುಂತಲಮ್ಮನವರ ಬಯ್ಗುಳಗಳನ್ನು ಒಂದೊಂದಾಗಿ ಹೇಳತೊಡಗಿದರು. ಮಹಜರು ಅಂದು ಎರಡು ಗಂಟೆ ನಡೆಯಿತು. ನಡುವೆ ಅವರು ಅತ್ತರು. ಅಳುವಿಗೆ ನಮೂನೆಯಲ್ಲಿ ಅಂಕಣವಿರಲಿಲ್ಲವಾಗಿ ನಾನು ಬರೆಯಲಿಲ್ಲ.

ಒಂಬತ್ತನೇ ದಿನ ಅವರು ತಲೆ ಬಾಚಿ ಬಂದು, "ನಿಮ್ಮ ನಕ್ಷೆ ಮೂರನೇ ಬೀರು, ಮೇಲಿನ ಹಲಗೆ," ಎಂದು ಕೂಸಪ್ಪನವರ ನಕಲನ್ನು ಕೈಗಿತ್ತರು. ಸೋಮವಾರ ಗಡಿಯಾರಕ್ಕೆ ಕೀ ಕೊಟ್ಟರು. ಶಾಖೆಯಲ್ಲಿ ಎರಡು ವಾರದ ಮೇಲೆ ಐದು ಗಂಟೆಯಾಯಿತು.

ಹದಿನೈದನೇ ದಿನ ದೇರಪ್ಪನವರು ಬೆವರಿದರು.

"ಸತ್ಯ ಹೇಳಿ. ಬೇಸರ ಇದೆಯೋ, ಹೋಯಿತೋ?"

"ಐತೆ ಸಾರ್. ಬೆಳಗಿನ ಜಾವ ಬತ್ತದೆ. ಸಂಜೆ ನೀವೆಲ್ಲ ಬತ್ತೀರಲ್ಲ, ಆವಾಗ ಅಷ್ಟಿಲ್ಲ."

ಇದು ದೊಡ್ಡ ತೊಡಕು. ಇದೆಯೆಂದರೆ ನಿಯಮ ಒಂಬತ್ತರಂತೆ ಕೊಡ್ಲಿಪೇಟೆಯ ಖಾಲಿ ಮನೆ. ಇಲ್ಲವೆಂದರೆ ನಿಯಮ ಹತ್ತರಂತೆ ಸೋಮಾರಿ. ಚನ್ನಮಲ್ಲಪ್ಪನವರ ಕೈ ಮತ್ತೆ ಮಡಿಲಿಗೆ ಹೋಯಿತು. ಬೊಳ್ಳಮ್ಮ ಒಲೆ ಊದುವುದನ್ನು ನಿಲ್ಲಿಸಿದರು.

ಟ್ರಂಕಿನ ಮೇಲಿಂದ ಕೂಸಪ್ಪ ಕೆಮ್ಮಿದರು. "ಸಾರ್, ನನ್ನ ಅರ್ಜಿ ಎರಡು ವರ್ಷ ಬಾಕಿ ಇತ್ತಲ್ಲ? ಅದರ ಮೇಲೆ ಎಂತ ಬರೆದಿದ್ದಿರಿ?"

"ವಿಚಾರಣೆಯಲ್ಲಿದೆ ಎಂದು."

"ಅದಕ್ಕೆ ಯಾರಾದರೂ ಮೇಲಿನವರು ಆಕ್ಷೇಪ ಮಾಡಿದ್ದರಾ?"

"ಇಲ್ಲ. ಯಾಕೆ ಮಾಡುತ್ತಾರೆ?"

"ಇದಕ್ಕೂ ಅದನ್ನೇ ಬರೆಯಿರಿ."

ದೇರಪ್ಪನವರು ಕೂಸಪ್ಪನವರನ್ನು ಮೊದಲ ಸಲ ಕಂಡಂತೆ ನೋಡಿದರು. ಆಮೇಲೆ ನಾನು ಟೈಪು ಮಾಡಿದೆ: 'ಸದರಿ ಬೇಸರವು ವಿಚಾರಣೆಯಲ್ಲಿದೆ. ಮಹಜರನ್ನು ಮುಂದಿನ ಆದೇಶದವರೆಗೆ ಮುಂದುವರಿಸತಕ್ಕದ್ದು.' ಮುಂದಿನ ಆದೇಶ ಕೊಡಬೇಕಾದವರೂ ದೇರಪ್ಪನವರೇ ಆದ್ದರಿಂದ ಆತಂಕವಿಲ್ಲ.

ಇದಾಗಿ ಈಗ ಒಂದೂವರೆ ವರ್ಷ. ನಾಲ್ಕೂವರೆಗೆ ಪಂಚರು ಬರುತ್ತಾರೆ. ನಕಲು ಸಿಕ್ಕಿದ ಕೂಸಪ್ಪನವರಿಗೆ ಮಡಿಕೇರಿಯಲ್ಲಿ ಬೇರೆ ಕೆಲಸವಿಲ್ಲ. ಆದರೂ ಸಾಕ್ಷಿಗೆ ತಪ್ಪಿಸಿಕೊಂಡರೆ ಅಪರಾಧವೆಂದು ಹೆಂಡತಿಗೆ ಹೇಳಿ ವಾರಕ್ಕೆ ಮೂರು ಸಲ ಬರುತ್ತಾರೆ. ಜನವರಿಯಲ್ಲಿ ಹಿಂದಿನ ಬಾಕಿ ಬಿಸಿಲನ್ನು ಎಲ್ಲರೂ ಬಾಗಿಲ ಮುಂದೆ ಕೂತು ತೆಗೆದುಕೊಂಡೆವು. ಚೆಕ್ಕುಬಂದಿಯ ದಕ್ಷಿಣದ ಸಾಲು ಈಗ ಹೀಗಿದೆ: 'ಬಾಗಿಲು, ಹಾಕಲು ಸಾಧ್ಯವಾಗುತ್ತಿಲ್ಲ.'

ಕಳೆದ ವಾರ ದೇರಪ್ಪನವರು ತಮ್ಮ ಹೆಸರಿನಲ್ಲೇ ಒಂದು ಬೇಸರದ ಅರ್ಜಿಯನ್ನು, ನನ್ನ ಮುಖ ನೋಡದೆ, ನನ್ನ ಮೇಜಿನ ಮೇಲಿಟ್ಟು ಹೋದರು. ಚೆಕ್ಕುಬಂದಿ ಸ್ವಂತ ಕೈಬರಹದಲ್ಲಿತ್ತು. ಬುಧವಾರ ಸ್ಥಳ ಮಹಜರು ನಿಗದಿಯಾಗಿದೆ. ಪೂರ್ವ, ಪಶ್ಚಿಮ ಯಾವುದನ್ನೂ ಕೇಳದೆ ಬೊಳ್ಳಮ್ಮ, ದೇರಪ್ಪನವರ ಮನೆಯಲ್ಲಿ ಒಲೆ ಯಾವ ಕಡೆಗಿದೆ ಎಂಬುದನ್ನು ಮಾತ್ರ ವಿಚಾರಿಸಿಟ್ಟುಕೊಂಡಿದ್ದಾರೆ.