ನೀಮಾಳ ಪರ್ಮಿಟ್ಟು, ನನ್ನ ಕರೆಂಟ್ ಬಿಲ್ಲು

ನನ್ನ ಸೋಮಾರಿತನಕ್ಕೆ ನಾನು ಇಟ್ಟುಕೊಂಡಿದ್ದ ಚಂದದ ಹೆಸರು ಊರ ಮೇಲಿನ ಪ್ರೀತಿ. ವಡೋದರಾದ ಫತೇಗಂಜ್‌ನಲ್ಲಿ ನನ್ನ ಹೆಸರಲ್ಲಿ ಮನೆ ಕೊಂಡು ಇಪ್ಪತ್ತೆರಡು ವರ್ಷವಾಯಿತು. ಕರೆಂಟ್ ಬಿಲ್ಲು ಮಾತ್ರ ಮೊನ್ನೆ ಮೊನ್ನೆಯವರೆಗೂ ಹಳೇ ಮಾಲೀಕ ಜಯಂತಿಭಾಯಿ ಹೆಸರಿಗೇ ಬರುತ್ತಿತ್ತು. ಪಾಪ, ಅವರು ತೀರಿಕೊಂಡೇ ಹದಿನೈದು ವರ್ಷ. "ಮುಂದಿನ ವರ್ಷ ನಮ್ಮೂರು ತುಮಕೂರಿಗೆ ಹೋಗೇಬಿಡ್ತೀವಲ್ಲ, ಹೆಸರು ಬದಲಾಯಿಸಿ ಏನಾಗಬೇಕು?" ಎಂದು ಪ್ರತಿ ವರ್ಷ ಹೇಳುತ್ತಿದ್ದೆ. ನಮ್ಮ ಯಜಮಾನರಿಗೂ ಅದೇ ಅನುಕೂಲ. ಕಚೇರಿ ಮೆಟ್ಟಿಲು ಹತ್ತುವುದು ತಪ್ಪಿತಲ್ಲ.

ನನ್ನ ಈ ನೆಮ್ಮದಿಗೆ ಕಲ್ಲು ಹಾಕಿದವಳು ಮಹಡಿ ಕೋಣೆಯ ಬಾಡಿಗೆ ಹುಡುಗಿ ನೀಮಾ. ಟಾಂಜಾನಿಯಾದಿಂದ ಫಾರ್ಮಸಿ ಓದಲು ಬಂದವಳು. ಅಬ್ಬಬ್ಬಾ, ಅವಳ ಫೈಲು! ಪಾಸ್‌ಪೋರ್ಟು, ವೀಸಾ, ಕಾಲೇಜಿನ ಪತ್ರ, ಹಾಜರಿ, ಎಲ್ಲವೂ ನಾಲ್ಕು ನಾಲ್ಕು ಪ್ರತಿ. ಕೆಲಸಕ್ಕೆ ಸೇರುವ ಹಾಗಿಲ್ಲ, ಮನಸ್ಸು ಬಂದ ಹಾಗೆ ಕಾಲೇಜು ಬದಲಿಸುವ ಹಾಗಿಲ್ಲ, ಮನೆ ಬದಲಿಸಿದರೂ ಸರ್ಕಾರಕ್ಕೆ ತಿಳಿಸಬೇಕು. ನಾನಂತೂ ಪಕ್ಕದ ಬೀದಿಗೆ ಹೋದರೆ ಯಜಮಾನರಿಗೂ ಹೇಳುವವಳಲ್ಲ. ಇಷ್ಟೆಲ್ಲ ಪಾಲಿಸಿದವಳು ಇಲ್ಲಿ ವಾಸಿಸುವ ಪರ್ಮಿಟ್ಟಿನ ನವೀಕರಣಕ್ಕೆ ಹಾಕಿದ ಅರ್ಜಿ ವಾಪಸ್ ಬಂತು. ವಿಳಾಸಕ್ಕೆ ಪುರಾವೆಯಾಗಿ ಕೊಟ್ಟ ಬಿಲ್ಲಿನಲ್ಲಿ ಮನೆಯೊಡತಿಯ ಹೆಸರೇ ಇಲ್ಲವಂತೆ. ಒಂಬತ್ತು ದಿನದಲ್ಲಿ ಸರಿಪಡಿಸದಿದ್ದರೆ ಪರೀಕ್ಷೆ ಬಿಟ್ಟು ದೇಶಕ್ಕೆ ಹೊರಡಬೇಕು.

"ಆಂಟಿ, ನನ್ನದೆಲ್ಲ ಸರಿ ಇದೆ. ನೀವು ಈ ಮನೇಲಿದ್ದೀರಿ ಅನ್ನೋದಕ್ಕೇ ಪುರಾವೆ ಇಲ್ಲ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಬಿಲ್ಲಿನ ಹೆಸರು ಬದಲಿಸಲು ನಮ್ಮ ಹೌಸಿಂಗ್ ಸೊಸೈಟಿಯ ಅಧ್ಯಕ್ಷರ ಪತ್ರ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಮ್ಮ ಮಹೇಶ್‌ಭಾಯಿ. "ಬೆಹೆನ್, ಆ ಹುಡುಗೀನ ಖಾಲಿ ಮಾಡಿಸಿ. ಫಾರಿನ್‌ನವರನ್ನ ಇಟ್ಕೊಂಡು ಯಾಕೆ ತಲೆನೋವು?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ತಪ್ಪು ಮಾಡಿದವಳು ನಾನು. ಖಾಲಿ ಮಾಡಿಸೋದಾದ್ರೆ ನನ್ನನ್ನ ಮಾಡಿಸಿ. ಅಲ್ಲೀತನಕ ಇಲ್ಲೇ ಇರ್ತೀನಿ" ಎಂದು ಅವರ ವರಾಂಡದ ಉಯ್ಯಾಲೆ ಮೇಲೆ ಕೂತೇಬಿಟ್ಟೆ. ಊಟವಾದ ಮೇಲೆ ಆ ಉಯ್ಯಾಲೆಯಲ್ಲಿ ತೂಗದಿದ್ದರೆ ಮಹೇಶ್‌ಭಾಯಿಗೆ ತಿಂದದ್ದು ಅರಗುವುದಿಲ್ಲ ಎಂಬುದು ಇಡೀ ಸೊಸೈಟಿಗೆ ಗೊತ್ತು. ಅವರ ಹೆಂಡತಿ ನನಗೆ ಎರಡು ಸಲ ಚಹಾ ಕೊಟ್ಟರು. ಆಮೇಲೆ ಗಂಡನ ಮುಖವನ್ನೂ ನೋಡದೆ ನನ್ನ ಪಕ್ಕದಲ್ಲೇ ಕೂತು ಕಾಲಿನಿಂದ ಮೀಟಿ ಉಯ್ಯಾಲೆ ತೂಗತೊಡಗಿದರು. ಮೂರನೇ ಚಹಾ ಬರುವಷ್ಟರಲ್ಲಿ ಪತ್ರಕ್ಕೆ ಸಹಿ ಬಿತ್ತು.

ಮೂರು ದಿನ ವಿದ್ಯುತ್ ಕಚೇರಿಗೆ ಅಲೆದೆ. ಎಂಟನೇ ದಿನ ಬಿಲ್ಲು ನನ್ನ ಹೆಸರಿಗಾಯಿತು, ನೀಮಾಗೆ ಇನ್ನೊಂದು ವರ್ಷ ಪರ್ಮಿಟ್ ಸಿಕ್ಕಿತು. ಬಿಲ್ಲಿನ ನಾಲ್ಕು ಪ್ರತಿಗಳನ್ನು ಫೈಲಿಗೆ ಸೇರಿಸುತ್ತಾ ಕೇಳಿದಳು: "ಆಂಟಿ, ಮುಂದಿನ ವರ್ಷವೂ ಇದು ಬೇಕಾಗುತ್ತೆ. ನೀವು ಇಲ್ಲೇ ಇರ್ತೀರಿ ತಾನೆ?"

"ಇರದೆ ಇನ್ನೆಲ್ಲಿಗೆ ಹೋಗ್ತೀನಮ್ಮಾ!" ಎಂದುಬಿಟ್ಟೆ.

ಪೇಪರ್ ಓದುತ್ತಿದ್ದ ಯಜಮಾನರು ಕನ್ನಡಕ ತೆಗೆದು, "ಹಾಗಾದ್ರೆ ತುಮಕೂರು?" ಎಂದರು.

"ಸುಮ್ನೆ ಪೇಪರ್ ಓದಿ. ನಾನು ಅಲ್ಲಿಯವಳು ಅನ್ನೋದಕ್ಕೆ ಏನಿದೆ ಪುರಾವೆ?"