ಹೆಬ್ಬೆಟ್ಟು ಬಿದ್ದ ಕ್ಯಾಲಿಪರ್

‘ಝಗಮಗ’ ಹೈ ಗ್ಲಾಸ್ ಸ್ಪ್ರೇ ಪೇಂಟ್ ಕಂಪನಿಯ ಗ್ರಾಹಕ ಸಂತೋಷ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಮಾನ್ವಿಯಿಂದ ಶೈಲಜಾ ಮಾಡುವ ಅನಂತ ನಮಸ್ಕಾರಗಳು. ತಾವೂ, ತಮ್ಮ ಕಾರ್ಖಾನೆಯೂ, ಅಲುಗಾಡಿಸಿದಾಗ ತಮ್ಮ ಡಬ್ಬಿಯೊಳಗೆ ಕಟಕಟ ಎನ್ನುವ ಆ ಪುಟ್ಟ ಗುಂಡೂ ಸುಖವಾಗಿರುವುದಾಗಿ ಭಾವಿಸುತ್ತೇನೆ. ನಾವೂ ಇಲ್ಲಿ ಬದುಕಿದ್ದೇವೆ. ಅದರಲ್ಲಿ ತಮ್ಮ ಪಾಲು ಏನೂ ಇಲ್ಲ ಎಂಬುದನ್ನು ವಿನಯಪೂರ್ವಕವಾಗಿ ತಿಳಿಸುವುದೇ ಈ ಪತ್ರದ ಉದ್ದೇಶ. ಇದನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ತಮ್ಮ ಸಹಾಯವಾಣಿಗೆ ಏಳು ಸಲ ಫೋನ್ ಮಾಡಿದೆ, ಏಳು ಸಲವೂ ಕೊಳಲು ಕೇಳಿಸಿದಿರಿ, ಕೊಳಲು ಬಹಳ ಚೆನ್ನಾಗಿತ್ತು.

ಮೊದಲು ನಮ್ಮ ಪರಿಚಯ. ನನ್ನ ಯಜಮಾನರು ಕೊಟ್ರೇಶ ಅವರಿಗೆ ಮಾನ್ವಿಯಲ್ಲಿ ಕುದಿಸಿದ ಅಕ್ಕಿಯ ಮಿಲ್ ಇದೆ. ಭತ್ತ ಕುದಿಸಿ, ಅಂಗಳದಲ್ಲಿ ಹರವಿ, ಕಾಲಾಡಿಸಿ ಒಣಗಿಸುವುದು ಅವರಿಗೆ ಅವರ ಅಜ್ಜನ ಕಾಲದಿಂದ ಬಂದ ಕೆಲಸ. ನಮ್ಮ ಅತ್ತೆ ಶರಣಮ್ಮನವರಿಗೆ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯಿತು; ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್‌ಗೆ ರಾಯಚೂರಿಗೆ ಹೋಗಲೇಬೇಕು. ಕರೆದುಕೊಂಡು ಹೋಗುವವಳು ನಾನು. ಮಿಲ್ ಬಿಟ್ಟು ಅಲುಗಾಡಲು ಯಜಮಾನರಿಗೆ ಪುರುಸೊತ್ತಿಲ್ಲವಾದ್ದರಿಂದ ನಾನೇ ಡ್ರೈವಿಂಗ್ ಕಲಿತು, ಎಂಟು ವರ್ಷ ಹಳೆಯ ನಮ್ಮ ಬಿಳಿ ಕಾರನ್ನು ವಾರಕ್ಕೆ ಎರಡು ಸಲ ಓಡಿಸುತ್ತೇನೆ. ಇಲ್ಲಿಯವರೆಗೆ ಒಂದು ಕೋಳಿಗೂ ತಗುಲಿಸಿಲ್ಲ. ಈ ಮಾತನ್ನು ತಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಇದೇ ಜಗಳಕ್ಕೆ ಬರುತ್ತದೆ.

ನನ್ನ ತಂಗಿಯ ಗಂಡ, ಅಂದರೆ ನಮ್ಮ ಯಜಮಾನರ ಷಡ್ಡಕ, ಚನ್ನವೀರ ಅವರು ದೇವದುರ್ಗದಲ್ಲಿದ್ದಾರೆ. ಕಳೆದ ಏಪ್ರಿಲ್‌ನಲ್ಲಿ ಅವರು ಹೊಸ ಕಾರು ತಂದರು. ಅದರ ಪೂಜೆಗೆ ಹೋದಾಗ ಗಂಡಸರೆಲ್ಲ ಊಟದ ಪಂಕ್ತಿಗೆ ಕೂತಂತೆ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಒಳಗೆ ಕೆಂಪಗೆ, ಹೊಳೆಹೊಳೆಯುತ್ತ, ಕ್ಯಾಲಿಪರ್ ಕಾಣುತ್ತಿತ್ತು. ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿದು ಗಾಡಿ ನಿಲ್ಲಿಸುವ ಆ ಕಬ್ಬಿಣದ ಮುಷ್ಟಿಗೆ ಅಂಥದ್ದೊಂದು ಹೆಸರಿದೆ ಎಂಬುದು ನಮ್ಮ ಯಜಮಾನರಿಗೆ ಅಂದು ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ. ಸಂಜೆ ಮಾನ್ವಿಗೆ ಮರಳುವಷ್ಟರಲ್ಲಿ, ಕೆಂಪು ಕ್ಯಾಲಿಪರ್ ಇಲ್ಲದ ಮನೆತನಕ್ಕೆ ಮರ್ಯಾದೆಯಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದಾಗಿತ್ತು.

ಈ ಸಂಕಟದಲ್ಲಿ ಅವರ ಕೈಹಿಡಿದವರು ತಾವು. ‘ಮನೆಯಲ್ಲೇ, ನಿಮ್ಮ ಕೈಯಿಂದಲೇ, ಶೋರೂಮ್ ಹೊಳಪು’ ಎಂದು ತಮ್ಮ ಡಬ್ಬಿಯ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದು, ಡಿಸ್ಕಿಗೆ, ಪ್ಯಾಡಿಗೆ, ಒಳಗಿನ ಪಿನ್ನುಗಳಿಗೆ ಬಣ್ಣ ತಾಗಿಸಬೇಡಿ ಎಂಬುದನ್ನು ಡಬ್ಬಿಯ ತಳದಲ್ಲಿ, ಇರುವೆ ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣದಾಗಿ ಬರೆದ ತಮ್ಮ ಸೌಜನ್ಯಕ್ಕೆ ಏನೆನ್ನಲಿ! ಓದಲು ಬಾರದ ಗ್ರಾಹಕನ ಮನಸ್ಸು ನೋಯಬಾರದೆಂದು ಯಾವ ಕಂಪನಿ ಇಷ್ಟು ಕಾಳಜಿ ವಹಿಸೀತು?

ಗಾಳಿಯಾಡುವ ಜಾಗದಲ್ಲಿ ಹಚ್ಚಿರಿ ಎಂಬ ಒಂದು ಸಾಲನ್ನು ಮಾತ್ರ ಯಜಮಾನರು ಓದಿದರು. ಮಾನ್ಯರೇ, ಅವರ ಬದುಕಿನಲ್ಲಿ ಅತ್ಯಂತ ಗಾಳಿಯಾಡುವ ಜಾಗವೆಂದರೆ ಮಿಲ್ಲಿನಲ್ಲಿ ಭತ್ತ ತೂರುವ ಫ್ಯಾನಿನ ಎದುರಿನ ಅಂಗಳ. ಅಲ್ಲಿ ಬೀಸುವ ಗಾಳಿಗೆ ಹೆಗಲ ಮೇಲಿನ ಟವೆಲ್ ಹಾರಿಹೋಗುತ್ತದೆ. ಒಂದು ಗುರುವಾರ ಮಧ್ಯಾಹ್ನ ಕಾರನ್ನು ಅಲ್ಲಿ ತಂದು, ಜಾಕ್ ಏರಿಸಿ, ಮುಂದಿನ ಎರಡೂ ಚಕ್ರ ಬಿಚ್ಚಿ, ಕ್ಯಾಲಿಪರ್ ಕಳಚಿ, ಮಂಕಾಗಿ ಕಾಣುತ್ತಿವೆಯೆಂದು ಅದು ಜಾರುವ ಪಿನ್ನುಗಳನ್ನೂ ಹೊರಗೆಳೆದು, ಎಲ್ಲವಕ್ಕೂ ಬಣ್ಣ ಹೊಡೆದರು. ಡಿಸ್ಕಿಗೆ ಸುತ್ತಿದ್ದ ಪೇಪರ್ ಮೊದಲ ಗಾಳಿಗೇ ಹಾರಿತು. ಹೊಡೆದ ಬಣ್ಣದಲ್ಲಿ ಅರ್ಧ ಭಾಗ ಮೇ ತಿಂಗಳ ಬಿಸಿಲಿಗೆ ಗಾಳಿಯಲ್ಲೇ ಒಣಗಿ ಕುಂಕುಮದಂತೆ ಉದುರಿತು. ಉಳಿದರ್ಧ ಎಲ್ಲಿ ಕೂರಬಾರದೋ ಅಲ್ಲೆಲ್ಲ ಕೂತಿತು. ಅದರ ಮೇಲೆ ಫ್ಯಾನಿನಿಂದ ಬಂದ ಭತ್ತದ ಹೊಟ್ಟು, ತೌಡಿನ ಧೂಳು.

‘ಇಪ್ಪತ್ತನಾಲ್ಕು ತಾಸು ಒಣಗಬೇಕು ಅಂತ ಬರದಾರಲ್ರೀ’ ಎಂದು ನಾನು ಹೇಳಿದ್ದು ನಿಜ. ಅದಕ್ಕೆ ಅವರು, ‘ಒಣಗಸೂದು ನಮಗ ಕಲಸಾಕ ಬರಬ್ಯಾಡ. ಕುದಿಸಿದ ಭತ್ತನ ಮೂರು ತಾಸಿಗೆ ಒಣಗತದ, ಇದೇನು ದೊಡ್ಡ ಮಾತು’ ಎಂದರು. ಭತ್ತ ಒಣಗಿತೋ ಇಲ್ಲವೋ ಎಂದು ಮಿಲ್ಲಿನವರು ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡುತ್ತಾರೆ. ಕ್ಯಾಲಿಪರ್ ಬಾಯಿಗೆ ಹಿಡಿಸದ ಕಾರಣ ಅವರು ಎಡಗಡೆಯದರ ಮೇಲೆ ಬಲಗೈ ಹೆಬ್ಬೆಟ್ಟು ಒತ್ತಿ ನೋಡಿದರು. ಬಣ್ಣ ಹಸಿಯಾಗಿತ್ತು. ಒಣಗಿದೆ ಎಂದು ಘೋಷಿಸಿ ಚಕ್ರ ಹಾಕಿಬಿಟ್ಟರು.

ಆಮೇಲೆ ಒಂದು ಸಣ್ಣ ಅಡಚಣೆ ಗೊತ್ತಾಯಿತು. ನಮ್ಮ ಕಾರಿನ ಚಕ್ರಗಳಿಗೆ ಪ್ಲಾಸ್ಟಿಕ್ ಮುಚ್ಚಳಗಳಿವೆ. ಅವನ್ನು ಹಾಕಿದರೆ ಒಳಗಿನ ಕ್ಯಾಲಿಪರ್ ದೇವರಿಗೂ ಕಾಣುವುದಿಲ್ಲ. ಯಜಮಾನರು ಐದು ನಿಮಿಷ ಯೋಚಿಸಿ ಮುಚ್ಚಳಗಳನ್ನು ಗೋದಾಮಿಗೆ ಎಸೆದರು. ತುಕ್ಕು ಹಿಡಿದ ಕರಿ ಚಕ್ರದ ತೂತುಗಳಿಂದ ಹೊಟ್ಟು ಅಂಟಿದ ಕೆಂಪು ಇಣುಕುವ ದೃಶ್ಯವನ್ನು ಫೋಟೋ ತೆಗೆದು ದೇವದುರ್ಗಕ್ಕೆ ಕಳಿಸಿದರು.

ಮರುದಿನ ಶುಕ್ರವಾರ. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಕೂರಿಸಿಕೊಂಡು ಹೊರಟೆ. ಮಾನ್ವಿ ದಾಟಿದಾಗಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಗದ್ದೆಯಲ್ಲಿ ಕೂಳೆ ಸುಡುತ್ತಿದ್ದಾರೆಂದುಕೊಂಡೆ. ‘ಯವ್ವಾ, ಗಾಡಿ ಯಾಕ ಎಡಕ್ಕ ಎಳ್ಯಾಕತ್ತದ?’ ಎಂದು ಮೊದಲು ಕೇಳಿದವರು ಅತ್ತೆ. ಕಲ್ಲೂರು ದಾಟಿದ ಮೇಲೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಒಂದು ಮುಂದೆ ತಟ್ಟನೆ ನಿಂತಿತು. ಬ್ರೇಕ್ ಒತ್ತಿದೆ. ಬಲ ಚಕ್ರ, ಡಿಸ್ಕಿಗೆ ತಮ್ಮ ಹೊಳಪು ಮೆತ್ತಿಕೊಂಡು, ಹಿಡಿಯಲೊಲ್ಲದು. ಎಡ ಚಕ್ರ, ಪಿನ್ನು ಬಿಗಿದುಕೊಂಡು, ಬಿಡಲೊಲ್ಲದು. ಕಾರು ಎಡಕ್ಕೆ ಗಿರ್ರನೆ ತಿರುಗಿ ಕಾಲುವೆಯ ಕಡೆ ಹೋಯಿತು. ಮೋರಿಯ ಕಲ್ಲಿಗೆ ಚಕ್ರ ತಾಗಿ ನಿಂತಾಗ ನನ್ನ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು, ಅತ್ತೆಯ ಕಿಟಕಿಯಿಂದ ನೀರು.

ಮಾನ್ಯರೇ, ಇಲ್ಲಿ ನನಗೆ ಸೌಜನ್ಯ ಸಾಲದಾಗುತ್ತದೆ. ಹಿಂದೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಆಗ ಹಿಂದಿನಿಂದ ಅತ್ತೆಯ ದನಿ ಬಂತು: ‘ಇದ್ದೀನವ್ವಾ ಇದ್ದೀನಿ. ವಾರಕ್ಕ ಎರಡು ಸಲ ಸೂಜಿ ಚುಚ್ಚಿಸಿಕೊಳ್ಳಾಕತ್ತಿದ್ದು ಕಾಲುವ್ಯಾಗ ಬಿದ್ದು ಸಾಯಾಕಲ್ಲ.’

ಎಡ ಚಕ್ರದಿಂದ ಹೊಗೆ ಬರುತ್ತಿತ್ತು. ಕಲ್ಲೂರಿನಿಂದ ಬಂದ ಮೆಕ್ಯಾನಿಕ್ ಹುಲಿಗೆಪ್ಪ ಚಕ್ರ ಬಿಚ್ಚಿ, ಉಳಿಯಿಂದ ಕೆರೆದು ನೋಡಿ, ‘ಅಕ್ಕಾರ, ಇದಕ್ಕ ಬಣ್ಣ ಹಚ್ಯಾರೋ, ಹೊಟ್ಟು ಕಲಸಿ ಗ್ವಾಡಿಗೆ ಗಿಲಾವ್ ಮಾಡ್ಯಾರೋ?’ ಎಂದ. ಅವನ ಬಾಯಿಂದಲೇ ತಮ್ಮ ಬಣ್ಣಕ್ಕೆ ಸಿಕ್ಕ ಪ್ರಶಸ್ತಿಪತ್ರವನ್ನು ತಿಳಿಸುತ್ತೇನೆ: ಕ್ಯಾಲಿಪರಿನ ಬೆನ್ನ ಮೇಲಿನ ಬಣ್ಣ ಬಿಸಿಗೆ ಹಪ್ಪಳವಾಗಿ ಎದ್ದಿತ್ತು, ಪಿನ್ನಿನ ಮೇಲಿನ ಬಣ್ಣವನ್ನು ಮಾತ್ರ ಉಳಿಯಿಂದ ಕೆರೆದರೂ ಅದು ಜಗ್ಗಲಿಲ್ಲ. ಎಲ್ಲಿ ಬೇಡವೋ ಅಲ್ಲಿ ಆಜೀವ ಬಾಳಿಕೆ. ಇಂಥ ಸಾಧನೆ ಎಲ್ಲರಿಗೂ ಸಾಧ್ಯವೇ?

ನಾವು ಬಸ್ ಹಿಡಿದು ರಾಯಚೂರು ಸೇರುವಷ್ಟರಲ್ಲಿ ಅತ್ತೆಯ ಪಾಳಿ ದಾಟಿ, ಮಿಷಿನ್ ಬೇರೆಯವರಿಗೆ ಹೋಗಿತ್ತು. ಅತ್ತೆಯ ಪಾದ ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಅಲ್ಲಿಯ ನರ್ಸ್ ಕಮರುನ್ನೀಸಾ ಅವರು, ‘ಅಮ್ಮಾರನ್ನ ಹಂಗ ಕಳಸಂಗಿಲ್ರೀ. ಸಂಜೀಕ ನನ್ನ ಡ್ಯೂಟಿ ಮುಗದ ಮ್ಯಾಲೂ ನಿಂತು ಮಾಡಸ್ತೀನಿ, ಕುಂದರ್ರಿ’ ಎಂದರು. ಅವರ ಮನೆಯಲ್ಲಿ ಆ ದಿನ ಏನು ಕೆಲಸ ನಿಂತಿತೋ ನನಗೆ ತಿಳಿಯದು. ತಮ್ಮ ಗ್ರಾಹಕ ಸಂತೋಷ ವಿಭಾಗದವರು ಒಂದು ದಿನ ಅವರ ಹತ್ತಿರ ಕೆಲಸ ಕಲಿಯಲು ಬರಬಹುದು.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನಾವು ಮನೆಗೆ ಮರಳುವ ಮೊದಲೇ ಯಜಮಾನರ ಫೋನು ಊರೂರಿಗೆ ಹೋಗಿತ್ತು. ‘ಹೆಣಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗತದ. ಗಾಬ್ರಿ ಆಗಿ ಸ್ಟೇರಿಂಗ್ ಬಿಟ್ಟಾಳ’ ಎಂದು ಅವರು ದೇವದುರ್ಗಕ್ಕೆ ಹೇಳಿದ್ದನ್ನು ನನ್ನ ತಂಗಿಯೇ ನನಗೆ ಹೇಳಿದಳು. ಬಣ್ಣದ ಸುದ್ದಿ ಎಲ್ಲೂ ಇರಲಿಲ್ಲ. ಇನ್ನು ಮೇಲೆ ಅತ್ತೆಯನ್ನು ಮಿಲ್ಲಿನ ಲಾರಿ ಡ್ರೈವರ್‌ಗಳಲ್ಲಿ ಯಾರು ಖಾಲಿ ಇರುತ್ತಾರೋ ಅವರು ಕರೆದೊಯ್ಯಬೇಕು, ನಾನು ಕೀಲಿ ಮುಟ್ಟಬಾರದು ಎಂದು ತೀರ್ಮಾನವಾಯಿತು. ಯಾರೂ ಖಾಲಿ ಇಲ್ಲದ ಮಂಗಳವಾರ ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ. ಎರಡು ವರ್ಷ ನಾನು ಓಡಿಸಿದ್ದು ಒಂದು ಫೋನಿನಲ್ಲಿ ಅಳಿಸಿಹೋಯಿತು. ನನಗೆ ಕಾಲುವೆಯ ಅಂಚಿನಲ್ಲಿ ಬಾರದ ಅಳು ಆಗ ಬಂತು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ಮುಂದಿನ ಬೇಸಿಗೆಯಿಂದ ಮಾನ್ವಿ ತಾಲ್ಲೂಕಿನ ಬಿಸಿಲನ್ನು ಡಬ್ಬಿಯಲ್ಲಿ ಹೇಳಿದ ಇಪ್ಪತ್ತೈದು ಡಿಗ್ರಿಯಲ್ಲಿ ನಿಲ್ಲಿಸುವ ವ್ಯವಸ್ಥೆ ಮಾಡಬೇಕು. ಗಂಡಸರ ಹೆಮ್ಮೆಯ ಮೇಲೆ ಹೊಡೆದರೆ ಸಾಕು, ಕಾರಿಗೆ ಹೊಡೆಯುವ ಅಗತ್ಯವೇ ಬೀಳಬಾರದು, ಅಂಥ ಒಂದು ಹೊಸ ಬಣ್ಣ ತಯಾರಿಸಬೇಕು. ಷಡ್ಡಕರಿಬ್ಬರಿಗೆ ಸೇರಿ ಒಂದು ಜೋಡಿ ಡಬ್ಬಿ ರಿಯಾಯಿತಿಯಲ್ಲಿ ಕೊಟ್ಟರೆ ಊರಿಗೇ ಉಪಕಾರ. ಅದೂ ಆಗದಿದ್ದರೆ, ಒಳಗೆ ಏನೂ ಇಲ್ಲದೆ ಬರೀ ಗುಂಡು ಮಾತ್ರ ಇರುವ ಡಬ್ಬಿ ಮಾರಿರಿ. ಅಲುಗಾಡಿಸುವುದರಲ್ಲೇ ಅವರಿಗೆ ಅರ್ಧ ತೃಪ್ತಿ ಸಿಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ.

ಎಡಗಡೆಯ ಕ್ಯಾಲಿಪರ್ ಬದಲಿಸಬೇಕಾಯಿತು. ಹಳೆಯದನ್ನು ಹುಲಿಗೆಪ್ಪ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದ. ಭಾನುವಾರ ಚನ್ನವೀರ ದಂಪತಿ ಅತ್ತೆಯನ್ನು ಮಾತಾಡಿಸಲು ಬಂದರು. ಯಜಮಾನರು ಪಡಸಾಲೆಯಲ್ಲಿ ಕೂತು, ನಾನು ಸ್ಟೇರಿಂಗ್ ಬಿಟ್ಟ ಕಥೆಯನ್ನು ಕೈಯಾಡಿಸಿ ಹೇಳುತ್ತಿದ್ದರು. ನಾನು ಚಹಾದ ತಟ್ಟೆಯಲ್ಲಿ ಕಪ್ಪುಗಳ ನಡುವೆ ಆ ಕ್ಯಾಲಿಪರನ್ನೂ ಇಟ್ಟು ತಂದೆ. ಬೆನ್ನಿನ ಬಣ್ಣವೆಲ್ಲ ಗುಳ್ಳೆ ಎದ್ದಿತ್ತು. ಅಂಚಿನಲ್ಲಿ ಒಂದೇ ಕಡೆ ಚೂರು ಮಾಸದೆ ಉಳಿದಿತ್ತು, ಅಲ್ಲೊಂದು ಹೆಬ್ಬೆಟ್ಟಿನ ಗುರುತು, ಮೇಲಿನ ಮೂಲೆಗೆ ಅಡ್ಡಲಾಗಿ ಹಳೆಯ ಕುಡುಗೋಲಿನ ಗಾಯದ ಗೆರೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಮಗನ ಬಲಗೈ ಹಿಡಿದು, ಸಣ್ಣವನಿದ್ದಾಗ ಅರಿಶಿನ ಹಚ್ಚಿ ತಾವೇ ಬಟ್ಟೆ ಕಟ್ಟಿದ್ದ ಆ ಹೆಬ್ಬೆಟ್ಟನ್ನು ತಂದು ಗುರುತಿನ ಮೇಲೆ ಇಟ್ಟರು. ಗೆರೆಗೆ ಗೆರೆ ಕೂಡಿತು. ಚನ್ನವೀರ ಚಹಾ ಕುಡಿಯುವುದನ್ನು ಮರೆತರು. ‘ಕೊಟ್ರ್ಯಾ,’ ಎಂದರು ಅತ್ತೆ, ‘ಕೀಲಿ ಅಕಿ ಕೈಯಾಗ ಕೊಡು. ಮಂಗಳವಾರ ನಾವಿಬ್ಬರೂ ಹೋಗೋರದೀವಿ.’ ಅವರು ಕಿಸೆಯಿಂದ ಕೀಲಿ ತೆಗೆದುಕೊಟ್ಟರು.

ಹೊಸ ಕ್ಯಾಲಿಪರ್ ಕಬ್ಬಿಣದ ಬಣ್ಣದಲ್ಲಿ, ಮಂಕಾಗಿ, ಗೋದಾಮಿನಿಂದ ಮರಳಿ ತಂದು ಹಾಕಿದ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಯಾರಿಗೂ ಕಾಣದೆ ಕೆಲಸ ಮಾಡುತ್ತಿದೆ. ಅದನ್ನು ಕಂಡರೆ ನನಗೆ ಬಹಳ ಗೌರವ.

ತಮ್ಮ ಬಣ್ಣ ತಲುಪದ ಜಾಗಗಳಲ್ಲಿ ಮಾತ್ರ

ತಮ್ಮ ವಿಶ್ವಾಸಿ,
ಶೈಲಜಾ ಕೊಟ್ರೇಶ
ಮಾನ್ವಿ

ತಾಜಾ ಕಲಂ: ಹಳೆಯ ಕ್ಯಾಲಿಪರನ್ನು ತಮಗೆ ಕಳಿಸುತ್ತಿಲ್ಲ, ಅದು ನಮ್ಮ ಪಡಸಾಲೆಯ ಕಪಾಟಿನಲ್ಲಿ, ಅತಿಥಿಗಳಿಗೆ ಕಾಣುವಂತೆ ಇದೆ. ಈ ಪತ್ರಕ್ಕೆ ಸಹಿ ಹಾಕಲು ಯಜಮಾನರು ಒಪ್ಪಲಿಲ್ಲ. ಅವರ ಹೆಬ್ಬೆಟ್ಟು ಬೇಕಾದರೆ ತಾವು ಮಾನ್ವಿಗೇ ಬಂದು ನೋಡಬಹುದು. ಇನ್ನೊಂದು ಮಾತು, ಅರ್ಧ ಡಬ್ಬಿ ಬಣ್ಣ ಇನ್ನೂ ಉಳಿದಿದೆ. ಅದನ್ನು ಹಿಡಿದು ಅವರು ನಿನ್ನೆಯಿಂದ ಹಿಂದಿನ ಚಕ್ರಗಳಲ್ಲಿ ಕ್ಯಾಲಿಪರ್ ಹುಡುಕುತ್ತಿದ್ದಾರೆ. ನಮ್ಮ ಕಾರಿನ ಹಿಂದಿನ ಚಕ್ರಗಳಿಗೆ ಕ್ಯಾಲಿಪರೇ ಇಲ್ಲ, ಡ್ರಮ್ ಬ್ರೇಕ್ ಇದೆ. ತಮ್ಮ ಸಹಾಯವಾಣಿಗೆ ಅವರು ಫೋನ್ ಮಾಡಿದರೆ ದಯಮಾಡಿ ಇದನ್ನು ಹೇಳಬೇಡಿ, ಆ ಕೊಳಲನ್ನೇ ಕೇಳಿಸಿರಿ.