ಹೆಡ್‌ಮಾಸ್ತರರ ಬೆರಳು

ಎಲ್ಲದಕ್ಕೂ ಕಾರಣ ಒಂದು ಗ್ಲುಕೋಸ್ ಡಬ್ಬಿ. ಮರಾಠಿ ಸೀಮೆಯ ತಳೇಗಾಂವದ ಆ ಕನ್ನಡ ಶಾಲೆಯ ಆರೋಗ್ಯ ಕೋಣೆಯಲ್ಲಿ, ಅಂದರೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಯಾವಾಗಲೂ ತುಂಬಿರುತ್ತಿದ್ದ ವಸ್ತು ಅದೊಂದೇ. ಜ್ವರವಿರಲಿ, ಹೊಟ್ಟೆನೋವಿರಲಿ, ಗಣಿತದ ಪರೀಕ್ಷೆಯಿರಲಿ, ಹೆಡ್‌ಮಾಸ್ತರ ಹೊಳಬಸಪ್ಪನವರ ಮದ್ದು ಗ್ಲುಕೋಸ್ ನೀರು. ಹೀಗಿರುವಾಗ ಶಾಲೆಗೊಬ್ಬ ನರ್ಸ್ ಯಾಕೆ ಬೇಕು ಎಂಬುದು ಅವರಿಗೆ ಇನ್ನೂ ಬಗೆಹರಿದಿರಲಿಲ್ಲ.

ಆ ನರ್ಸ್ ಶಿವಕಾಂತಾ ಎರಡು ವರ್ಷದಲ್ಲಿ ಮೂರು ಬೇಡಿಕೆ ಪತ್ರ ಕೊಟ್ಟಿದ್ದಳು: ಒಂದು ಮಂಚ, ಒಂದು ತೂಕದ ಯಂತ್ರ, ರಕ್ತದ ಸಕ್ಕರೆ ಪರೀಕ್ಷೆಯ ಸ್ಟ್ರಿಪ್‌ಗಳು. ಮೂರೂ ಪತ್ರಗಳು ಕ್ಲಾರ್ಕ್ ಅಂಬಣ್ಣನ ಮೇಜಿನ ಕುಂಟು ಕಾಲಿನಡಿ ಮಡಿಕೆಯಾಗಿ ಕುಳಿತು ಮೇಜು ಅಲುಗಾಡದಂತೆ ನೋಡಿಕೊಂಡಿದ್ದವು. ಕಾದು ಸಾಕಾಗಿ ಅವಳು ಸಕ್ಕರೆ ನೋಡುವ ಸಣ್ಣ ಯಂತ್ರವನ್ನು ತನ್ನ ಸಂಬಳದಲ್ಲೇ ಕೊಂಡಿದ್ದಳು. ಈಗ ಅದರ ಎರಡೇ ಸ್ಟ್ರಿಪ್ ಉಳಿದಿದ್ದವು. ಮೂರನ್ನೂ ಮತ್ತೆ ಕೇಳಿ ಬರೆದ ನಾಲ್ಕನೆಯ ಬೇಡಿಕೆ ಪತ್ರ ಪರ್ಸಿನಲ್ಲಿತ್ತು.

ಆ ಮಂಗಳವಾರ ಪ್ರಾರ್ಥನೆಯ ಹೊತ್ತಿಗೆ ಐದನೆಯ ಇಯತ್ತೆಯ ಮಾಯಾ ದೊಪ್ಪನೆ ಬಿದ್ದಳು. ಅವಳ ತಾಯಿ ಯಂಕವ್ವ ಯಾದಗಿರಿ ಕಡೆಯವಳು, ಅಲ್ಲೇ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು. ಹದಿನೈದು ದಿನದಿಂದ ಶಿವಕಾಂತಾಳ ಕಣ್ಣು ಆ ಹುಡುಗಿಯ ಮೇಲಿತ್ತು. ಯಾವಾಗ ನೋಡಿದರೂ ನಳದ ಮುಂದೆ, ಇಲ್ಲವೇ ಶೌಚಾಲಯದ ದಾರಿಯಲ್ಲಿ; ಮೈ ದಿನೇ ದಿನೇ ಇಳಿಯುತ್ತಿತ್ತು. ತಾಯಿಗೆ ಎರಡು ಸಲ ಹೇಳಿ ಕಳಿಸಿದರೂ ಕೂಲಿ ಬಿಟ್ಟು ಬರಲು ಆಗಿರಲಿಲ್ಲ. ಪಾಲಕರ ಸಹಿಯಿಲ್ಲದೆ ಮಕ್ಕಳಿಗೆ ಸೂಜಿ ಮುಟ್ಟಿಸಬಾರದೆಂದು ಹೆಡ್‌ಮಾಸ್ತರರ ಅಪ್ಪಣೆ. ಈಗ ಬಗ್ಗಿ ನೋಡಿದರೆ ಉಸಿರು ಜೋರಾಗಿದೆ, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ. ಸಕ್ಕರೆ ಮಿತಿಮೀರಿದಾಗ ಬರುವ ವಾಸನೆ ಅದೆಂದು ಶಿವಕಾಂತಾಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಹೊಳಬಸಪ್ಪನವರು ಡಬ್ಬಿ, ಲೋಟ ಹಿಡಿದು ಬಂದೇಬಿಟ್ಟರು. ಚಮಚ ಸಿಗದೆ ಬೆರಳನ್ನೇ ಅದ್ದಿ ಕಲಸತೊಡಗಿದರು.

"ಚಕ್ಕರ್ ಬಂದದ, ಅಷ್ಟ. ಕುಡಸ್ರಿ."

"ಬ್ಯಾಡ್ರಿ ಸರ್! ಇಕಿಗೆ ಸಕ್ಕರಿ ಬ್ಯಾನಿ ಅದ ಅನಸ್ತದ. ಈ ನೀರು ಕುಡಿಸಿದ್ರ ಜೀವಕ್ಕ ಬರ್ತದ. ಸಾಲಿ ವ್ಯಾನ್ ತರಸ್ರಿ, ದವಾಖಾನಿಗೆ ಒಯ್ಯೋಣು."

"ಹತ್ತು ವರ್ಷದ ಹುಡಿಗಿಗೆ ಸಕ್ಕರಿ ಬ್ಯಾನಿ? ಅದೂ ಇಟ್ಟಂಗಿ ಹೊರೋರ ಮನ್ಯಾಗ?" ಹೊಳಬಸಪ್ಪನವರು ನಕ್ಕರು. "ಅದು ಉಂಡು ಕುಂತೋರ ಬ್ಯಾನಿ, ಸಿಸ್ಟರ್."

"ದೃಷ್ಟಿ ಆಗ್ಯದ್ರಿ ಸರ್. ನಿಂಬಿಹಣ್ಣು ಇಳಸಿದ್ರ ಎದ್ದು ಕುಂಡ್ರತಾಳ," ಎಂದ ಅಂಬಣ್ಣ.

"ಒಂದ ಹನಿ ರಕ್ತ ನೋಡ್ತೀನ್ರಿ ಸರ್. ಒಂದ ನಿಮಿಷ," ಶಿವಕಾಂತಾ ಅಂಗಲಾಚಿದಳು.

"ಮೊದ್ಲ ನನಗ ಹಚ್ಚಿ ತೋರಸ್ರಿ. ಮಷೀನ್ ಖರೇ ಅದನೋ ಸುಳ್ಳೋ ತಿಳೀಲಿ."

"ಎರಡ ಸ್ಟ್ರಿಪ್ ಅದಾವ್ರಿ ಸರ್."

"ನಾನು, ಇಕಿ, ನಾವೂ ಇಬ್ಬರ ಇದ್ದೀವಲ್ಲ."

"ಹಂಗಾದ್ರ ಕೈ ತೊಳ್ಕೊರಿ."

"ನನ್ನ ಕೈ ಹೊಲಸಂತೀರೇನ್ರಿ? ಮುಂಜಾನೆ ಪೂಜಾ ಮಾಡಿದ ಕೈ ಇದು!"

ವಾದಕ್ಕೆ ನಿಂತರೆ ಹೊತ್ತು ಹೋಗುವುದು ಹುಡುಗಿಯ ಆಯುಷ್ಯದಲ್ಲಿ. ಶಿವಕಾಂತಾ ಅವರ ಬೆರಳು ಹಿಡಿದು ಚುಚ್ಚಿದಳು. ಯಂತ್ರ ನಾನೂರ ಅರವತ್ತು ತೋರಿಸಿತು.

"ಅಯ್ಯಯ್ಯೋ!" ಅಂಬಣ್ಣ ಹಣೆ ಬಡಿದುಕೊಂಡ. "ನಮ್ಮ ಮಾವ ಮುನ್ನೂರಕ್ಕ ಹೋದ್ರಿ ಸರ್!"

"ವ್ಯಾನ್ ತರಸ್ರಿ!" ಎಂದು ಹೊಳಬಸಪ್ಪನವರು ಕೂಗಿದರು. ಐದು ನಿಮಿಷದ ಹಿಂದೆ ಹುಡುಗಿಗೆ ಸಿಗದ ವ್ಯಾನು ಈಗ ಗೇಟಿನೊಳಗೇ ಬಂತು. ಅವರನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿದರು. ಸಾವು ಕಣ್ಣೆದುರು ನಿಂತಾಗ ಮನುಷ್ಯನಿಗೆ ಬಾಕಿ ಉಳಿದ ಪುಣ್ಯದ ಕೆಲಸಗಳು ನೆನಪಾಗುತ್ತವೆ. "ಸಿಸ್ಟರ್, ನಿಮ್ಮ ಅರ್ಜಿ ತರ್ರಿ," ಎಂದು ಮಲಗಿದಲ್ಲೇ ನಾಲ್ಕನೆಯ ಪತ್ರಕ್ಕೆ ಸಹಿ ಹಾಕಿದರು.

"ಮಾಯಾನ್ನೂ ಇದರಾಗ..." ಎಂದು ಶಿವಕಾಂತಾ ಹೇಳುವಷ್ಟರಲ್ಲಿ ಅಂಬಣ್ಣ ಬಾಗಿಲು ಹಾಕಿದ. ವ್ಯಾನು ಹೋಯಿತು.

ಶಿವಕಾಂತಾಳ ಹೆಬ್ಬೆರಳು ಅಂಟಂಟಾಗಿತ್ತು. ಹೆಡ್‌ಮಾಸ್ತರರ ಬೆರಳು ಹಿಡಿದಿದ್ದ ಹೆಬ್ಬೆರಳು. ಅವಳಿಗೆ ಎಲ್ಲ ಅರ್ಥವಾಯಿತು. ಆದರೆ ನಗುವ ಹೊತ್ತಲ್ಲ. ಮಾಯಾಳ ಕೈ ತೊಳೆದು ಒರೆಸಿ ಕೊನೆಯ ಸ್ಟ್ರಿಪ್ ಹಾಕಿದಳು. ಯಂತ್ರಕ್ಕೆ ಅಂಕಿಯೇ ಸಾಲದೆ ಬರೀ 'ಹೈ' ಎಂದಿತು. ಯಂಕವ್ವನಿಗೆ ಸುದ್ದಿ ಕಳಿಸಿ, ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೋಡಿ ರಿಕ್ಷಾ ಹಿಡಿದಳು.

ಅದು ಸಣ್ಣ ದವಾಖಾನೆ. ತುರ್ತು ಕೋಣೆಯಲ್ಲಿ ಎರಡೇ ಮಂಚ. ಒಂದರ ಮೇಲೆ ಟೆಂಪೋ ಅಪಘಾತದವನು, ಇನ್ನೊಂದರ ಮೇಲೆ ಹೊಳಬಸಪ್ಪನವರು.

"ನಾಲ್ಕು ಸಲ ನೋಡಿದೆವು, ಸಕ್ಕರೆ ಬರೀ ತೊಂಬತ್ತೆಂಟು. ಏಳಿ ಎಂದರೆ ಏಳುವುದಿಲ್ಲ," ಎಂದು ಅಲ್ಲಿನ ನರ್ಸ್ ದೀಪಾಲಿ ಮರಾಠಿಯಲ್ಲಿ ಗೋಳಾಡಿದಳು.

"ಇವರ ಮಷೀನ್ ಸುಳ್ಳು!" ಹೊಳಬಸಪ್ಪನವರು ಮಂಚದ ಸರಳು ಬಿಗಿಹಿಡಿದಿದ್ದರು. "ನಮ್ಮ ಸಿಸ್ಟರ್ ನೋಡಿದ್ದ ಖರೇ. ಭಾಳ ಶಾಣ್ಯಾಕಿ ಆಕಿ. ಹೇಳ್ರಿ ಸಿಸ್ಟರ್, ಇವರಿಗೆ!"

ಎರಡು ವರ್ಷದಲ್ಲಿ ಆ ಮನುಷ್ಯ ಅವಳನ್ನು ನಂಬಿದ್ದು ಇದೇ ಮೊದಲು. ಸಹಿಯಾದ ಪತ್ರ ಪರ್ಸಿನಲ್ಲಿ ಬೆಚ್ಚಗಿತ್ತು. ಹೌದೆಂದು ತಲೆಯಾಡಿಸಿದರೆ ಸಾಕು, ಮಂಚ, ತೂಕದ ಯಂತ್ರ, ವರ್ಷದ ಸ್ಟ್ರಿಪ್ ಎಲ್ಲ ಬರುತ್ತಿದ್ದವು. ಹೆಗಲ ಮೇಲೆ ಮಾಯಾಳ ಉಸಿರು ತಿದಿಯಂತೆ ಏಳುತ್ತ ಬೀಳುತ್ತಿತ್ತು. ಶಿವಕಾಂತಾಳಿಗೆ ಅಳು ಬಂತು.

"ನಿಮಗ ಏನೂ ಆಗಿಲ್ರಿ ಸರ್. ಗ್ಲುಕೋಸ್ ಕಲಸಿದ ಬೆರಳದು. ಸಕ್ಕರಿ ರಕ್ತದಾಗಲ್ಲ, ಬೆರಳ ಮ್ಯಾಲ ಇತ್ತು. ಏಳ್ರಿ, ಕೂಸಿಗೆ ಜಾಗಾ ಬಿಡ್ರಿ."

ಹೊಳಬಸಪ್ಪನವರು ಎದ್ದರು. ಮಾಯಾಳಿಗೆ ಸಲಾಯಿನ್ ಏರಿತು, ಇನ್ಸುಲಿನ್ ಸಿಕ್ಕಿತು. ಇನ್ನಷ್ಟು ತಡವಾಗಿದ್ದರೆ ಹುಡುಗಿ ಮಧ್ಯಾಹ್ನದತನಕವೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಯಂಕವ್ವ ಸಿಮೆಂಟಿನ ಕೈಯಲ್ಲೇ ಓಡಿಬಂದು, ಬಿಳಿ ಚಾದರ ಮುಟ್ಟಲು ಹೆದರಿ ಬಾಗಿಲಲ್ಲೇ ನಿಂತಳು.

"ದಿನಾ ರಕ್ತ ನೋಡಬೇಕಂತಲ್ರೀ ಅಕ್ಕಾ. ಸಾಲ್ಯಾಗ ಯಾರು ನೋಡ್ತಾರ?"

"ನಾ ನೋಡ್ತೀನಿ," ಎಂದಳು ಶಿವಕಾಂತಾ.

ಹೊರಗೆ ಹೊಳಬಸಪ್ಪನವರು ಕೈ ಚಾಚಿ ನಿಂತಿದ್ದರು. "ಆ ಪತ್ರ ಕೊಡ್ರಿ." ಕೊಟ್ಟಳು. ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು.

ಸಂಜೆ ಶಾಲೆಗೆ ಮರಳಿದಾಗ ಅವಳಿಗೊಂದು ಮೆಮೊ ಕಾದಿತ್ತು. "ಶಾಲೆಯಲ್ಲಿ ಉಳಿದಿದ್ದ ಎರಡೇ ಸ್ಟ್ರಿಪ್‌ಗಳಲ್ಲಿ ಒಂದನ್ನು ಸಂಪೂರ್ಣ ಆರೋಗ್ಯವಂತ ವ್ಯಕ್ತಿಯ ಮೇಲೆ ವ್ಯರ್ಥ ಮಾಡಿರುತ್ತೀರಿ. ಇಂದೇ ಲಿಖಿತ ವಿವರಣೆ ಸಲ್ಲಿಸತಕ್ಕದ್ದು."

"ಬರಿಯೂದಕ್ಕ ಒಂದು ಹಾಳಿ ಕೊಡ್ರಿ ಅಂಬಣ್ಣ," ಎಂದಳು ಶಿವಕಾಂತಾ.

ಅಂಬಣ್ಣ ಡ್ರಾಯರ್ ತಡಕಾಡಿದ, ಹಾಳೆ ಸಿಗಲಿಲ್ಲ. ಕೊನೆಗೆ ಬಗ್ಗಿ ಮೇಜಿನ ಕಾಲಿನಡಿಯಿಂದ ಮಡಿಸಿದ ಕಾಗದವೊಂದನ್ನು ಎಳೆದು, ಬಿಡಿಸಿ, ಅವಳ ಕೈಗಿತ್ತ. ಅವಳದೇ ಮೊದಲ ಬೇಡಿಕೆ ಪತ್ರ. ಮೇಜು ಒಂದು ಕಡೆ ವಾಲಿತು.

"ಹಿಂದಿನ ಮಗ್ಗಲು ಖಾಲಿ ಅದ, ಅಲ್ಲೇ ಬರೀರಿ," ಎಂದ. "ಮತ್ತ ಲಗೂನ ವಾಪಸ್ ಕೊಡ್ರಿ ಸಿಸ್ಟರ್, ಮೇಜು ಅಲಗ್ಯಾಡ್ತದ."